ಆರು ಮಿಲಿಮೀಟರ್ ಕಣ್ಣೀರು

ನಾಯಿಯ ಕೆಳರೆಪ್ಪೆಯೊಳಗೆ ಸಿಕ್ಕಿಸಿದ್ದ ಕಾಗದದ ಪಟ್ಟಿಯನ್ನು ವೈದ್ಯೆ ಸರಿಯಾಗಿ ಒಂದು ನಿಮಿಷಕ್ಕೆ ಹೊರಗೆಳೆದಳು. ಕಣ್ಣೀರು ಆರು ಮಿಲಿಮೀಟರಿನಷ್ಟೇ ಹತ್ತಿತ್ತು. ಎರಡು ವಾರದ ಹಿಂದೆ ಹದಿಮೂರಿತ್ತು. ಕಣ್ಣು ಒಣಗುವ ಕಾಯಿಲೆಗೆ ದಿನಕ್ಕೆರಡು ಸಲ ಹನಿ ಹಾಕಿದರೆ ಅಳತೆ ಏರಬೇಕೇ ಹೊರತು ಇಳಿಯಬಾರದು.

"ಔಷಧಿ ತಪ್ಪದೆ ಹಾಕ್ತಿದೀರಾ?"

"ಹಾಕ್ತಿದೀನಿ ಡಾಕ್ಟ್ರೇ," ಎಂದಳು ನಾಯಿಯನ್ನು ಹಿಡಿದು ನಿಂತಿದ್ದ ಸೊಸೆ.

ಪಕ್ಕದಲ್ಲಿದ್ದ ಮಾವ ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಗಂಟಲು ಸರಿಮಾಡಿಕೊಂಡರು. "ಹಂಗಂತ ಹೇಳ್ತಾಳೆ. ನಾನು ಬಾಟಲಿ ಮೇಲೆ ಗೀಟು ಹಾಕಿಟ್ಟು ನೋಡ್ತಿದೀನಿ. ಔಷಧಿ ಇಳೀತಿದೆ, ನಿಜ. ಎಲ್ಲಿಗೆ ಹೋಗ್ತಿದೆಯೋ ಯಾರಿಗೆ ಗೊತ್ತು?"

"ಆ ಗೀಟು ನಿಮ್ದಾ ಮಾವ?" ಸೊಸೆಯ ಮುಖ ಕೆಂಪೇರಿತು. "ಬಚ್ಚಲಿಗೆ ಸುರೀತೀನಿ ಅನ್ಕೊಂಡ್ರಾ?"

"ನಿಂಗೆ ಮೊದಲಿಂದ್ಲೂ ಈ ನಾಯೀನ ಕಂಡ್ರೆ ಆಗಲ್ವಲ್ಲ."

ನಾಯಿಯ ಕಣ್ಣಲ್ಲಿ ಒಣಗಿದ್ದರೆ ಕಾಣಬೇಕಾದ ಕೆಂಪಿರಲಿಲ್ಲ, ಗೀಜೂ ಇರಲಿಲ್ಲ. ವೈದ್ಯೆ ಅದನ್ನು ಗಮನಿಸಿದ್ದಳು. ಆದರೂ ಅನುಮಾನ ಸೊಸೆಯ ಮೇಲೆಯೇ ಹೋಯಿತು.

"ಮರೆತಿದ್ರೆ ಹೇಳಿಬಿಡಿ, ಪರವಾಗಿಲ್ಲ."

ಸೊಸೆ ನಾಯಿಯ ಬೆನ್ನು ಸವರುತ್ತ ನಿಂತಳು.

ಮಾವನ ಕೈ ಸುಮ್ಮನಿರುವಂಥದ್ದಲ್ಲ. ಮೇಜಿನ ಮೇಲಿದ್ದ ಒಣ ಪಟ್ಟಿಯೊಂದನ್ನು ಎತ್ತಿ ಎರಡು ಬೆರಳ ನಡುವೆ ಹೊಸೆದರು. ಹುಬ್ಬು ಗಂಟಿಕ್ಕಿತು.

"ಇದು ಹೋದ್ಸಲದ್ದಲ್ಲ."

"ಅದೇ ಕಂಪನೀದು. ಪೆಟ್ಟಿಗೆ ಮಾತ್ರ ಹೊಸದು."

"ಇರ್ಬೋದು. ಅವತ್ತು ಕೆಳಗೆ ಬಿದ್ದಿದ್ದನ್ನ ನಾನೇ ಎತ್ತಿಕೊಟ್ಟಿದ್ದೆ. ಮೆತ್ತಗಿತ್ತು. ಇದು ಗಂಜಿ ಹಾಕಿದ ಕಾಲರ್ ಥರ ಇದೆ."

ವೈದ್ಯೆಗೆ ಮೊದಲು ಸಿಟ್ಟು ಬಂತು, ಆಮೇಲೆ ತಾನೂ ಒಂದು ಪಟ್ಟಿಯನ್ನು ಬೆರಳಲ್ಲಿ ಹೊಸೆದು ನೋಡಿದಳು. ಕಪಾಟಿನ ಮೂಲೆಗೆ ಸರಿದಿದ್ದ ಹಳೆಯ ಪೆಟ್ಟಿಗೆಯಲ್ಲಿ ಐದು ಪಟ್ಟಿ ಉಳಿದಿದ್ದವು. ಹಳೆಯದೊಂದು, ಹೊಸದೊಂದು, ಎರಡರ ತುದಿಯನ್ನೂ ಒಂದೇ ಬಟ್ಟಲ ನೀರಿಗೆ ತಾಗಿಸಿ ಗಡಿಯಾರ ನೋಡಿದಳು. ಹಳೆಯದರಲ್ಲಿ ನೀರು ಸರಸರನೆ ಏರಿತು. ಹೊಸದರಲ್ಲಿ ಅರ್ಧಕ್ಕೂ ಬರಲಿಲ್ಲ. ಮತ್ತೆರಡು ಸಲ ನೋಡಿದಳು; ಅದೇ ಕಥೆ. ಸ್ವಲ್ಪ ಹೊತ್ತು ಬಿಟ್ಟು ಹಳೆಯ ಪಟ್ಟಿಯನ್ನೇ ನಾಯಿಯ ಕಣ್ಣಿಗಿಟ್ಟಳು.

"ಹದಿನೈದು," ಎಂದಳು. "ಔಷಧಿ ಸರಿಯಾಗೇ ಬೀಳ್ತಿದೆ. ತಪ್ಪು ನಂದಮ್ಮ. ಕಾಗದಾನ ಬಿಟ್ಟು ನಿಮ್ಮನ್ನ ಅನುಮಾನಿಸಿದೆ."

ಸೊಸೆ ತಲೆಯಾಡಿಸಿದಳು. ಮಾವ ಏನೋ ಹೇಳಲು ಬಾಯಿ ತೆರೆದರು.

"ಮನೇಲಿ ಮಾತಾಡೋಣ ಮಾವ," ಎಂದವಳ ದನಿ ಮೆತ್ತಗಾಗಿರಲಿಲ್ಲ. ಅವರು ನಾಯಿಯನ್ನೆತ್ತಿಕೊಂಡು ಅವಳ ಹಿಂದೆ ನಡೆದರು.

ವೈದ್ಯೆ ರಿಜಿಸ್ಟರ್ ತೆರೆದಳು. ಹೊಸ ಪೆಟ್ಟಿಗೆಯ ಪಟ್ಟಿಗಳಿಂದ ಆ ವಾರ ಇನ್ನೂ ನಾಲ್ಕು ನಾಯಿಗಳ ಕಣ್ಣೀರು ಅಳೆದಿದ್ದಳು. ಒಂದಕ್ಕೆ ಔಷಧಿಯನ್ನೂ ಹೆಚ್ಚಿಸಿದ್ದಳು. ಆ ಮನೆಗೇ ಮೊದಲು ಫೋನ್ ಮಾಡಿದಳು.