ಕುಂಕುಮದ ಕೆಳಗಿನ ಸಾಲು

ನಾನು ಒಂದು ರಟ್ಟಿನ ಚೂರು. ಗೇಣುದ್ದ, ನಾಲ್ಕು ಬೆರಳಗಲ. ಧಾರವಾಡದ ಒಂದು ಸಣ್ಣ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ದಪ್ಪನೆಯ ನಿಘಂಟಿಗೆ ರಟ್ಟು ಕಟ್ಟುತ್ತಿದ್ದರು. ದೊಡ್ಡ ಹಾಳೆಯ ಅಂಚಿನಲ್ಲಿ ನಾನೂ ಆರಾಮಾಗಿ ಮಲಗಿದ್ದೆ. ಇನ್ನೇನು ನಿಘಂಟಿನ ಬೆನ್ನಾಗುತ್ತೇನೆ, ಬಂಗಾರದ ಅಕ್ಷರ ಹೊತ್ತು ಕಪಾಟಿನಲ್ಲಿ ನಿಲ್ಲುತ್ತೇನೆ ಅಂತ ಲೆಕ್ಕ ಹಾಕಿದ್ದೆ. ಕಟಿಂಗ್ ಮಷಿನ್ನಿನ ಅಲಗು ಧಡ್ಡನೆ ಇಳಿಯಿತು ನೋಡಿ, ಅಯ್ಯೋ ನನ್ನಪ್ಪಾ! ಎಚ್ಚರವಾದಾಗ ನಿಘಂಟು ಮೇಜಿನ ಮೇಲಿತ್ತು, ನಾನು ನೆಲದ ಮೇಲಿದ್ದೆ. ಹುಟ್ಟಿದ ಗಳಿಗೆಯಲ್ಲೇ ಎದೆ ಒಡೆಸಿಕೊಂಡವನು ನಾನು.

ನನ್ನನ್ನು ಕಸದಿಂದ ಎತ್ತಿದವರು ಹುದ್ದಾರ ಮಾಸ್ತರರು. ಕಾಲೇಜಿನಲ್ಲಿ ಗಣಿತ ಕಲಿಸುವವರು, ಬಿಡುವಿದ್ದಾಗ ಬಂದು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಜೋಡಿಸಿಕೊಡುತ್ತಿದ್ದರು. ಅವರು ಬಳಸುತ್ತಿದ್ದ ಪ್ರೋಗ್ರಾಮಿಗೆ ಬಣ್ಣದ ಗುಂಡಿಗಳಿಲ್ಲ, ಮೌಸು ಒತ್ತಿದರೆ ಕೇಳುವುದಿಲ್ಲ. ಒಂದು ಕಪ್ಪು ಪರದೆ, ಅಷ್ಟೇ. ಅಲ್ಲಿ ಮೊದಲು ಪ್ರೋಗ್ರಾಮಿನ ಹೆಸರು, ಕೊನೆಗೆ ಪುಸ್ತಕದ ಫೈಲಿನ ಹೆಸರು ಬರೆಯಬೇಕು. ನಡುವೆ ಎರಡೆರಡು ಅಡ್ಡಗೆರೆ ಎಳೆದು ಆಪ್ಷನ್ನುಗಳನ್ನು ಬರೆಯಬೇಕು. ಆಪ್ಷನ್ ಅಂದರೆ ಅಪ್ಪಣೆಯ ಜೊತೆ ಹೇಳುವ ಮಾತು: ಪುಟ ಈ ಅಳತೆಗಿರಲಿ, ತಪ್ಪು ಸಿಕ್ಕರೆ ಸಾಲಿನ ನಂಬರು ತೋರಿಸು, ಹೀಗೆ. ಒಂದಕ್ಷರ ಹೆಚ್ಚುಕಡಿಮೆಯಾದರೆ ಆ ಯಂತ್ರ ಮುಖ ತಿರುಗಿಸಿ ಕೂರುತ್ತದೆ. ಮಾಸ್ತರರು ಆ ಇಡೀ ಸಾಲನ್ನು ನೀಲಿ ಪೆನ್ನಿನಲ್ಲಿ ನನ್ನ ಮೈಮೇಲೆ ಒತ್ತಿ ಒತ್ತಿ ಬರೆದು, ದಾರ ಪೋಣಿಸಿ, ಕಂಪ್ಯೂಟರಿನ ಮೇಲಿನ ಮೊಳೆಗೆ ನೇತುಹಾಕಿದರು.

ಒಂದು ಸಲ ಚಿತ್ರಗಳಿದ್ದ ರೇಖಾಗಣಿತದ ಪುಸ್ತಕ ಬಂತು. ನಮ್ಮ ಕಂಪ್ಯೂಟರೋ ಮುದುಕ, ಚಿತ್ರ ಕಂಡರೆ ಮುಕ್ಕಾಲು ಗಂಟೆ ಏದುಸಿರು ಬಿಡುತ್ತಿತ್ತು. ಮಾಸ್ತರರು ಬೇಸತ್ತು ನನ್ನ ಮೇಲೆ ಇನ್ನೊಂದು ಆಪ್ಷನ್ ಸೇರಿಸಿದರು, ಡ್ರಾಫ್ಟ್ ಅಂತ. ಅದನ್ನು ಹಾಕಿದರೆ ಪ್ರೋಗ್ರಾಮು ಚಿತ್ರಗಳನ್ನು ಮುಟ್ಟುವುದೇ ಇಲ್ಲ. ಚಿತ್ರದ ಜಾಗದಲ್ಲಿ ಅದೇ ಅಳತೆಯ ಖಾಲಿ ಚೌಕಟ್ಟು ಬಿಟ್ಟು ಎರಡೇ ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಕರಡು ತಿದ್ದುವುದಕ್ಕೆ ಅಷ್ಟು ಸಾಕು. ಅದರ ಕೆಳಗೆ ಮಾಸ್ತರರು ಸಣ್ಣಕ್ಷರದಲ್ಲಿ ಬರೆದರು: ‘ಕರಡಿಗೆ ಮಾತ್ರ. ಕೊನೆಯ ಪ್ರತಿ ತೆಗೆಯುವಾಗ ಇದು ಬೇಡ.’

ಆ ವರ್ಷದ ಆಯುಧಪೂಜೆ ಬಂತು. ಪ್ರೆಸ್ಸಿನ ಮಾಲೀಕ ಸಿದ್ರಾಮಪ್ಪ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದ ಬಂದ ಮನುಷ್ಯ, ದೈವಭಕ್ತ. ಕಟಿಂಗ್ ಮಷಿನ್ನಿಗೆ ಕುಂಕುಮ ಹಚ್ಚಿದ, ಕಂಪ್ಯೂಟರಿಗೆ ಹಚ್ಚಿದ, ಸ್ಟೇಪ್ಲರಿಗೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ನೋಡಿ, ‘ಇದೂ ಆಯುಧಾನs ಅಲ್ಲೇನು!’ ಅಂದವನೇ ಎಣ್ಣೆಯಲ್ಲಿ ಕಲಸಿದ ಕುಂಕುಮದಲ್ಲಿ ಹೆಬ್ಬೆರಳು ಅದ್ದಿ ನನ್ನ ಮೈಗೆ ತೀಡಿದ. ಸರಿಯಾಗಿ ಆ ಸಣ್ಣಕ್ಷರದ ಸಾಲಿನ ಮೇಲೆ! ಡ್ರಾಫ್ಟ್ ಎಂಬ ಪದ ಮಾತ್ರ ಮೇಲೆ ನಿಚ್ಚಳವಾಗಿ ಉಳಿಯಿತು.

ನನಗೆ ಬಾಯಿಲ್ಲ, ನಿಜ. ಆದರೆ ಬಾಯಿದ್ದಿದ್ದರೂ ಆವತ್ತು ಹೇಳುತ್ತಿರಲಿಲ್ಲ, ಸುಳ್ಳೇಕೆ? ಕಸಕ್ಕೆ ಬಿದ್ದಿದ್ದ ಚೂರಿಗೆ ಪೂಜೆ ಅಂದರೆ ಸುಮ್ಮನೆಯೇ? ಜಂಬದಿಂದ ಮೊಳೆಯ ಮೇಲೆ ತೂಗಾಡಿದೆ.

ದೀಪಾವಳಿ ಕಳೆಯುತ್ತಲೇ ಮಾಸ್ತರರಿಗೆ ಬೀದರಿಗೆ ವರ್ಗವಾಯಿತು. ಅವರ ಕುರ್ಚಿಗೆ ನೀಲಗಂಗಾ ಬಂದಳು. ಮೂವತ್ತೈದರ ಆಸುಪಾಸು, ಕೈ ಚುರುಕು, ಕಪ್ಪು ಪರದೆಯೆಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ನನ್ನನ್ನು ನೋಡಿ ಒಂದೊಂದೇ ಅಕ್ಷರ ಒತ್ತುವಳು, ಮತ್ತೆ ನೋಡುವಳು.

‘ಇದೇನ್ರಿ ಯಜಮಾನ್ರ, ಇಲ್ಲಿ ಕೆಂಪಗ?’ ಅಂತ ಮೊದಲ ದಿನವೇ ಕೇಳಿದಳು.

‘ಪೂಜಿ ಮಾಡಿದ್ದವ್ವಾ. ಅಳಸಬ್ಯಾಡ ಮತ್ತ. ಮ್ಯಾಲಿಂದು ಇದ್ದಂಗ ಟೈಪ್ ಹೊಡಿ.’

ಇದ್ದಂಗೇ ಹೊಡೆದಳು. ಕಥೆ, ಕವನ, ಪ್ರಬಂಧ, ಹತ್ತಾರು ಪುಸ್ತಕ ಬಂದವು. ಯಾವುದರಲ್ಲೂ ಚಿತ್ರವಿರಲಿಲ್ಲ, ಆದ್ದರಿಂದ ಯಾವ ಅನಾಹುತವೂ ಆಗಲಿಲ್ಲ.

ಮುಂದಿನ ಶ್ರಾವಣದಲ್ಲಿ ಗೋದಾಬಾಯಿ ಬಂದರು. ಎಪ್ಪತ್ತಾರು ವಯಸ್ಸು, ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ‘ಬಾಯಾರು’. ಹಳೆಯ ಇಳಕಲ್ಲ ಸೀರೆ, ಕುಪ್ಪಸ, ಕೂಸಿನ ಕುಂಚಿಗಳನ್ನು ಹುಡುಕಿಕೊಂಡು ಊರೂರು ಅಲೆದು, ಕಸೂತಿಯ ಒಂದೊಂದೇ ನಮೂನೆಯನ್ನು ಚೌಕಳಿ ಹಾಳೆಗೆ ಇಳಿಸಿದ್ದರು. ಮೂವತ್ತೊಂದು ವರ್ಷದ ಕೆಲಸ, ಇನ್ನೂರ ಹನ್ನೆರಡು ಚಿತ್ರ. ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲು. ಅವರ ಕಣ್ಣಿನ ನರ ಸಾಯುತ್ತಿತ್ತು. ದೀಪಾವಳಿಯವರೆಗೆ ಕಾಣಿಸಿದರೆ ಪುಣ್ಯ ಅಂದಿದ್ದರಂತೆ ಡಾಕ್ಟರು.

‘ಒಂದs ಸಲ ಎಲ್ಲಾ ಚಿತ್ರ ಕೂಡಿ ಅಚ್ಚಾದದ್ದು ನೋಡಬೇಕವ್ವಾ ನಾ,’ ಅಂದರು ನೀಲಗಂಗಾಳಿಗೆ. ‘ಆಮ್ಯಾಲ ಕಣ್ಣು ಬೇಕಾರ ಹೋಗ್ಲಿ. ಅಷ್ಟರಾಗ ಮಾಡಿಕೊಡ್ತೀಯೇನು?’

‘ಮಾಡಿಕೊಡ್ತೀನ್ರೀ ಬಾಯಾರ,’ ಅಂದಳು ಆಕೆ.

ಸಣ್ಣಕ್ಷರ ಬಾಯಾರಿಗೆ ಕಾಣುತ್ತಿರಲಿಲ್ಲ, ನೀಲಗಂಗಾ ಕರಡನ್ನು ಓದಿ ಹೇಳುತ್ತಿದ್ದಳು. ಪುಟ ಪುಟದಲ್ಲೂ ಖಾಲಿ ಚೌಕಟ್ಟುಗಳಿದ್ದವು. ಆಕೆಗೆ ಅನುಮಾನ ಬಂದು ಮಾಲೀಕನನ್ನು ಕೇಳಿದಳು ಕೂಡ.

‘ಏ, ಕರಡಿನ್ಯಾಗ ಹಂಗs ಬರೋದು,’ ಅಂದ ಸಿದ್ರಾಮಪ್ಪ ನಗುತ್ತ. ‘ನಲವತ್ತು ವರ್ಷ ನೋಡೀನಿ ನಾ. ಬ್ಲಾಕು ಕೂಡಸೋದು ಕಡೀಕ, ಅಚ್ಚಿನ ಮನ್ಯಾಗ.’

ಅಚ್ಚುಮೊಳೆಯ ಕಾಲದಲ್ಲಿ ಹಾಗೇ ಇತ್ತು. ಚಿತ್ರಕ್ಕೆ ಸತುವಿನ ಬ್ಲಾಕು ಬೇರೆ ಬರುತ್ತಿತ್ತು, ಅದು ಬರುವ ತನಕ ಕರಡಿನಲ್ಲಿ ಆ ಜಾಗ ಖಾಲಿ. ಈಗ ಬ್ಲಾಕೂ ಇಲ್ಲ, ಅದನ್ನು ಕೂರಿಸುವವರೂ ಇಲ್ಲ. ಫೈಲಿನಲ್ಲಿ ಏನಿದೆಯೋ ಅದೇ ಅಚ್ಚು. ಅಷ್ಟು ವರ್ಷದ ಅನುಭವಸ್ಥ ಹೇಳಿದ್ದನ್ನು ನೀಲಗಂಗಾ ನಂಬಿದಳು. ಕೊನೆಯ ಪ್ರತಿ ತೆಗೆದ ದಿನವೂ ಕತ್ತೆತ್ತಿ ನನ್ನನ್ನು ನೋಡಿದಳು, ಇದ್ದಂಗೇ ಹೊಡೆದಳು, ಫೈಲನ್ನು ಹುಬ್ಬಳ್ಳಿಯ ಆಫ್‌ಸೆಟ್‌ನವರಿಗೆ ಕಳಿಸಿದಳು. ಮೊಳೆಯ ಮೇಲೆ ನೇತಾಡುತ್ತ ನಾನು ಅದನ್ನು ಕಣ್ಣಾರೆ ಕಂಡೆ.

ದೀಪಾವಳಿಗೆ ಹನ್ನೊಂದು ದಿನವಿತ್ತು. ಮಟಮಟ ಮಧ್ಯಾಹ್ನ ಪುಸ್ತಕದ ಬಂಡಲ್ಲು ಬಂತು. ಸಿದ್ರಾಮಪ್ಪ ಒಂದು ಪ್ರತಿ ಎಳೆದು, ತೆರೆದೂ ನೋಡದೆ ರಟ್ಟಿಗೆ ಕುಂಕುಮ ಹಚ್ಚಿ, ಕಾದು ಕುಳಿತಿದ್ದ ಬಾಯಾರ ಕೈಗಿಟ್ಟ. ಬಾಯಾರು ಅದನ್ನು ಕಣ್ಣಿಗೊತ್ತಿಕೊಂಡು, ಚೀಲದಿಂದ ಭೂತಗನ್ನಡಿ ತೆಗೆದು, ಪುಸ್ತಕ ಬಿಚ್ಚಿದರು.

ಒಂದು ಪುಟ ತಿರುವಿದರು. ಇನ್ನೊಂದು ತಿರುವಿದರು. ‘ನೀಲಾ, ಕಿಡಕಿ ತಗೀ. ಬೆಳಕು ಸಾಲವಲ್ದು.’

ಕಿಟಕಿ ತೆರೆದೇ ಇತ್ತು. ಬಿಸಿಲು ಅವರ ಮಡಿಲಿನ ಮೇಲೇ ಬಿದ್ದಿತ್ತು.

ಬಾಯಾರು ಮತ್ತೆ ಹತ್ತು ಪುಟ ತಿರುವಿದರು. ಗಾಜನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು.

‘ಬಂತು ನೋಡವ್ವಾ,’ ಅಂದರು ಮೆಲ್ಲಗೆ. ‘ದೀಪಾವಳಿ ತನಕ ಅಂದಿದ್ರು. ಮದಲs ಬಂತು. ಚೌಕಟ್ಟು ಕಾಣಸ್ತದ, ಒಳಗಿಂದು ಏನೂ ಕಾಣವಲ್ದು. ಇರ್ಲಿ. ಚಿತ್ರ ಚೊಲೊ ಬಂದಾವೇನು?’

ಅಯ್ಯಯ್ಯೋ! ನೀಲಗಂಗಾ ಬಗ್ಗಿ ಪುಸ್ತಕ ಬಿಚ್ಚಿದಳು. ಖಾಲಿ. ಮುಂದಿನ ಪುಟ ಖಾಲಿ. ಕಡೆಯ ಪುಟ ಖಾಲಿ. ಇನ್ನೂರ ಹನ್ನೆರಡು ಚೌಕಟ್ಟುಗಳಲ್ಲಿ ಒಂದು ಹೊಲಿಗೆಯೂ ಇಲ್ಲ! ಭುಜದ ಮೇಲಿಂದ ನೋಡಿದ ಸಿದ್ರಾಮಪ್ಪ ಎದೆ ಹಿಡಿದುಕೊಂಡ. ನಾನಂತೂ ಗಾಳಿಯಿಲ್ಲದೆ ಮೊಳೆಯ ಮೇಲೆ ತಿರುಗಿಬಿಟ್ಟೆ ಅನ್ನಿಸಿತು.

ಅದಕ್ಕಿಂತ ದೊಡ್ಡ ಆಘಾತ ಆಮೇಲೆ ಕಾದಿತ್ತು. ಸಿದ್ರಾಮಪ್ಪ ನೀಲಗಂಗಾಳಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿ, ಗಂಟಲು ಸರಿಮಾಡಿಕೊಂಡು ಹೇಳಿದ: ‘ಭಾಳ ಚಂದ ಬಂದಾವ್ರೀ ಬಾಯಾರ!’

ಕಳ್ಳ ಮನುಷ್ಯನಲ್ಲ ಅವನು, ನಾನು ಬಲ್ಲೆ. ಹೆದರಿದ್ದ. ಮಾನ ಹೋಗುತ್ತದೆ, ಹೇಗೂ ಆಕೆಗೆ ಕಾಣುವುದಿಲ್ಲ ಅಂದುಕೊಂಡ. ಆದರೂ ಥೂ! ಚಿತ್ರ ಬಂದಿವೆ ಅಂದರೆ ಕಣ್ಣು ಹೋಗಿದೆ ಅಂದಂತೆಯೇ; ಮೂವತ್ತೊಂದು ವರ್ಷ ದುಡಿದ ಕಣ್ಣನ್ನು ಒಂದು ಮಾತಿನಲ್ಲಿ ಕಿತ್ತುಕೊಂಡನಲ್ಲ!

ಬಾಯಾರು ತಲೆಯಾಡಿಸಿದರು. ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದರು. ಇನ್ನು ಬೇಕಿಲ್ಲ ಅನ್ನುವ ಹಾಗೆ ಚೀಲದ ಬಾಯಿ ಕಟ್ಟತೊಡಗಿದರು. ನೀಲಗಂಗಾ ಆ ಗಂಟನ್ನೇ ನೋಡುತ್ತಿದ್ದಳು.

‘ಇಲ್ರೀ ಬಾಯಾರ,’ ಅಂದಳು. ‘ನಿಮ್ಮ ಕಣ್ಣು ಹೋಗಿಲ್ರಿ. ಚಿತ್ರನs ಬಂದಿಲ್ಲ. ಒಂದೂ ಬಂದಿಲ್ಲ. ತಪ್ಪು ನಂದು.’

‘ಏ ನೀಲಾ!’ ಅಂದ ಸಿದ್ರಾಮಪ್ಪ.

ಬಾಯಾರು ಅಲ್ಲಾಡಲಿಲ್ಲ. ‘ನನ್ನ ಸಮಾಧಾನಕ್ಕ ಹೇಳಬ್ಯಾಡ.’

‘ದೇವರಾಣಿರಿ. ಅಲ್ಲಿ ಗ್ವಾಡಿ ಕಡೆ ನೋಡ್ರಿ. ಏನ ಕಾಣಸ್ತೈತಿ?’

ಬಾಯಾರು ಕತ್ತೆತ್ತಿ ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದರು. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ‘ಒಂದು ರಟ್ಟು ತೂಗಹಾಕೀರಿ... ಅದರ ಮ್ಯಾಲ ಕೆಂಪಗ ಅದ. ಕುಂಕುಮ ಏನು?’

‘ಹೌದ್ರಿ! ಕುಂಕುಮ!’ ನೀಲಗಂಗಾ ಅಳುತ್ತ ನಗುತ್ತಿದ್ದಳು.

‘ಹಂಗಾರ ನನ್ನ ಕಣ್ಣು ಇನ್ನೂ ಅವ?’ ಅಂದರು ಬಾಯಾರು. ಮರುಕ್ಷಣವೇ ಅವರು ಪಟ್ಟನೆ ನೀಲಗಂಗಾಳ ತೋಳಿಗೊಂದು ಏಟು ಕೊಟ್ಟರು. ‘ಜೀವಾ ಹಾರಿಸಿದ್ಯಲ್ಲs ಹುಚ್ಚಿ!’

ನೀಲಗಂಗಾ ನೇರ ನನ್ನ ಬಳಿಗೆ ಬಂದಳು. ಕುಂಕುಮದ ಕೆಳಗೆ ಮುಚ್ಚಿಹೋದ ಸಾಲನ್ನೇ ಮಿಕಿಮಿಕಿ ನೋಡಿದಳು, ಆಮೇಲೆ ಸೆರಗಿನ ತುದಿಯನ್ನು ನೀರಿಗದ್ದಿದಳು. ‘ಅಳಸಬ್ಯಾಡ, ಪೂಜಿದು!’ ಎಂದು ಸಿದ್ರಾಮಪ್ಪ ಕೂಗುತ್ತಿದ್ದಂತೆಯೇ ಉಜ್ಜಿದಳು. ಬಣ್ಣ ಪೂರ್ತಿ ಹೋಗಲಿಲ್ಲ, ಆದರೆ ಮಾಸ್ತರರು ಒತ್ತಿ ಬರೆದ ಅಕ್ಷರಗಳು ಮೇಲೆ ಬಂದವು. ಆಕೆ ಗಟ್ಟಿಯಾಗಿ ಓದಿದಳು. ‘ಕರಡಿಗೆ ಮಾತ್ರ. ಕೊನೆಯ ಪ್ರತಿ ತೆಗೆಯುವಾಗ ಇದು ಬೇಡ.’

ಸಿದ್ರಾಮಪ್ಪ ಬಂಡಲ್ಲಿನ ಮೇಲೆ ಕುಸಿದು ಕೂತ. ಹುಬ್ಬಳ್ಳಿಗೆ ಫೋನ್ ಮಾಡಿದರೆ ಅವರು, ‘ಹೆಣ್ಮಕ್ಕಳು ತಾವs ನಮೂನಿ ಬರಕೊಳ್ಳಲಿ ಅಂತ ಖಾಲಿ ಬಿಟ್ಟೀರಿ ಅನ್ಕೊಂಡ್ವಿರಿ’ ಅಂದರು. ಅವನು ಬಾಯಾರ ಮುಂದೆ ಕೈಮುಗಿದ. ‘ಪೂರಾ ಮತ್ತ ಅಚ್ಚ ಹಾಕಿಸಿಕೊಡ್ತೀನ್ರಿ. ಆದ್ರ ಹದಿನೈದು ದಿನಾ ಬೇಕ್ರಿ.’

ಹದಿನೈದು ದಿನ! ದೀಪಾವಳಿಗೆ ಹನ್ನೊಂದೇ ಇತ್ತು.

ನೀಲಗಂಗಾ ಕಪ್ಪು ಪರದೆಯ ಮುಂದೆ ಕುಳಿತಳು. ಮೊದಲ ಸಲ ನನ್ನ ಕಡೆ ನೋಡದೆ ಸಾಲು ಬರೆದಳು, ಒಂದು ಆಪ್ಷನ್ ಬಿಟ್ಟು. ಮುದುಕ ಕಂಪ್ಯೂಟರು ಮುಕ್ಕಾಲು ಗಂಟೆ ಏದುಸಿರು ಬಿಟ್ಟಿತು. ಮೊದಲ ಗೋಪುರ ಪರದೆಯ ತುಂಬ ಎದ್ದು ನಿಂತಾಗ ಬಾಯಾರು ‘ಅವ್ವಾ!’ ಅಂದರು. ಗಾಜು ಹಿಡಿದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಬಿಸಿಲು ಇಳಿಯುವ ತನಕ ಒಂದೊಂದನ್ನೇ ನೋಡಿದರು. ನವಿಲಿನ ಹತ್ತಿರ ನಿಂತರು.

‘ಕಾಲಿನಾಗ ಒಂದು ಹೊಲಿಗಿ ತಪ್ಪೇದ. ನಾನs ಬರಿಯೋಮುಂದ ತಪ್ಪೀನಿ. ತಿದ್ದು.’

ನೀಲಗಂಗಾ ಆಗ ಗಳಗಳ ಅತ್ತಳು. ಇನ್ನೂರ ಹನ್ನೆರಡೂ ಮುಗಿಸಿ ಏಳುವಾಗ ಬಾಯಾರು ನನ್ನ ಕಡೆ ಕೈ ಮಾಡಿದರು. ‘ಆ ರಟ್ಟು ನನಗ ಕೊಡು. ಅದನ್ನ ನೋಡೇ ಗೊತ್ತಾತು, ನನ್ನ ಕಣ್ಣು ಅವ ಅಂತ.’

ಹೀಗೆ ನಾನು ಮೊಳೆಯಿಂದ ಇಳಿದು ಬಾಯಾರ ಹೊಲಿಗೆ ಡಬ್ಬಿಗೆ ಬಂದೆ. ನನ್ನ ಮೈಗೆ ಹಸಿರು ರೇಷ್ಮೆ ದಾರ ಸುತ್ತಿದರು. ಸಿದ್ರಾಮಪ್ಪ, ನೀಲಗಂಗಾ ಮರು ಅಚ್ಚಾದ ಪುಸ್ತಕವನ್ನು ಮನೆಗೆ ತರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಬಾಯಾರ ಕಣ್ಣೂ ಕಳೆದಿತ್ತು. ನುಣುಪಾದ ಪುಟಗಳ ಮೇಲೆ ಅಂಗೈ ಆಡಿಸುತ್ತ ಅವರು ಅದೇ ಮಾತು ಕೇಳಿದರು.

‘ಚಿತ್ರ ಚೊಲೊ ಬಂದಾವೇನು?’

‘ಭಾಳ ಚಂದ ಬಂದಾವ್ರಿ,’ ಅಂದ ಸಿದ್ರಾಮಪ್ಪ. ಈ ಸಲ ಪಾಪ, ನಿಜವನ್ನೇ ಹೇಳಿದ್ದ.

‘ನೀವು ಸುಮ್ನಿರ್ರಿ. ನೀಲಾ ಹೇಳ್ಲಿ.’

ನೀಲಗಂಗಾ ಎಲ್ಲಾ ಪುಟ ತಿರುವಿ ನೋಡಿದಳು. ‘ಬಂದಾವ್ರಿ. ನವಿಲಿನ ಕಾಲು ಸರಿ ಆಗೇತಿ. ನೂರಾ ಎಂಟನೇ ಪುಟದಾಗ ಆನಿ ಒಂಚೂರು ಮಸಕ ಆಗೇತ್ರಿ.’

ಬಾಯಾರ ಮುಖ ಅರಳಿತು. ‘ಮಸಕ ಆಗೇದ ಅಂದ್ಯಲ್ಲಾ,’ ಅಂದರು, ‘ಈಗ ಉಳಿದದ್ದೆಲ್ಲಾ ಕಾಣಸ್ತು ನೋಡು.’

ನನಗೀಗ ವಯಸ್ಸಾಯಿತು, ಮೂಲೆಗಳು ಬಿರಿದಿವೆ. ನಿಘಂಟಿನ ಬೆನ್ನಾಗಲಿಲ್ಲ ಎಂಬ ಕೊರಗು ಹೋಗಿದೆ. ಪೂಜೆಯ ಜಂಬವೂ ಇಳಿದಿದೆ. ದಾರ ಬಿಚ್ಚುವಾಗ ಬಾಯಾರ ಬೆರಳು ಕೆಲವೊಮ್ಮೆ ಮಾಸ್ತರರ ಅಕ್ಷರದ ಗುಳಿಗಳಿಗೆ ತಾಗಿ ನಿಲ್ಲುತ್ತದೆ. ಆಗ, ನೀಲಗಂಗಾ ಬಂದಿದ್ದರೆ ಕೇಳುತ್ತಾರೆ, ‘ನೀಲಾ, ಕುಂಕುಮ ಇನ್ನೂ ಅದ ಏನು ಇದರ ಮ್ಯಾಲ?’

‘ಇಲ್ರಿ ಬಾಯಾರ. ಮಾಸೇತಿ,’ ಅನ್ನುತ್ತಾಳೆ ನೀಲಗಂಗಾ.