ಬಿಟ್ಟಿ ಹುಲ್ಲು

ಫುಟ್‌ಬಾಲ್ ಕ್ಲಬ್ಬಿನವರು ಮೈದಾನದ ಹಳೆಯ ಪ್ಲಾಸ್ಟಿಕ್ ಹುಲ್ಲನ್ನು ಕಿತ್ತು ಹೊಸದು ಹಾಸಿದಾಗ, ಹಳೆಯದರ ಒಂದು ತುಂಡನ್ನು ಫಿಸಿಯೋಥೆರಪಿ ಕೋಣೆಗೆ ಬಿಟ್ಟಿಯಾಗಿ ಕಳಿಸಿದರು. ಬಿಟ್ಟಿ ಎಂದರೆ ಯಾರು ಬೇಡ ಅಂತಾರೆ? ಆ ಕೋಣೆ ನೋಡಿಕೊಳ್ಳುತ್ತಿದ್ದ, ಆಟಗಾರರೆಲ್ಲ ಅಕ್ಕ ಎನ್ನುತ್ತಿದ್ದ ಫಿಸಿಯೋಥೆರಪಿಸ್ಟ್ ಅದನ್ನು ಕಿಟಕಿಯ ಪಕ್ಕ ಗೋಡೆಯಿಂದ ಗೋಡೆಗೆ ಹಾಸಿಸಿಕೊಂಡಳು. ಮಂಡಿ ಕೆಟ್ಟ ಆಟಗಾರರಿಗೆ ಮತ್ತೆ ನಡಿಗೆ ಕಲಿಸುವುದೇ ಅವಳ ಕೆಲಸ. ಅವರ ಮಂಡಿ ಹಾಳುಮಾಡಿದ ಹುಲ್ಲಿನ ಮೇಲೆಯೇ ಅವರನ್ನು ನಡೆಸುತ್ತಿದ್ದೇನೆ ಎಂಬುದು, ಸುಮ್ಮನೆ ಸಿಕ್ಕ ಖುಷಿಯಲ್ಲಿ, ಆಗ ಅವಳಿಗೆ ಹೊಳೆಯಲೇ ಇಲ್ಲ.

ಮೊದಲು ತಕರಾರು ತೆಗೆದದ್ದು ಸೊಂಟ ಮುರಿದುಕೊಂಡಿದ್ದ ಒಬ್ಬ ಮುದುಕ. ಫುಟ್‌ಬಾಲಿನ ಗಂಧಗಾಳಿ ಇಲ್ಲದವನು.

"ಏನಮ್ಮಾ, ಈ ಹುಲ್ಲು ಕಾಲು ಹಿಡ್ಕೊಳ್ಳುತ್ತಲ್ಲ?"

"ಹಿಡ್ಕೊಳ್ಳಲಿ ಬಿಡಿ ತಾತ, ಬೀಳೋದಾದ್ರೂ ತಪ್ಪುತ್ತೆ" ಎಂದು ಅಕ್ಕ ನಕ್ಕಳು. ಆದರೆ ಮೋಡ ಕವಿದ ದಿನವೂ ಆ ಹುಲ್ಲು, ಈಗ ತಾನೇ ಯಾರೋ ಮಲಗೆದ್ದ ಹಾಸಿಗೆಯ ಹಾಗೆ, ಬೆಚ್ಚಗಿರುತ್ತಿತ್ತು. ಅದರ ಬುಡದ ಕರಿ ರಬ್ಬರ್ ಕಾಳುಗಳನ್ನು ಎಷ್ಟು ಗುಡಿಸಿದರೂ ಬೆಳಿಗ್ಗೆ ಬಾಗಿಲವರೆಗೆ ಹರಡಿರುತ್ತಿದ್ದವು.

ಅವಳ ತಂಗಿ ಅದೇ ಕ್ಲಬ್ಬಿನ ಆಟಗಾರ್ತಿ. ಕಳೆದ ವರ್ಷ ಇದೇ ಹುಲ್ಲಿನ ಮೇಲೆ, ಯಾರೂ ಮುಟ್ಟದೆ, ಸುಮ್ಮನೆ ತಿರುಗುವಾಗ ಬಲಮಂಡಿಯ ಲಿಗಮೆಂಟ್ ಹರಿದುಕೊಂಡಿದ್ದಳು. ಈಗ ತಂಡಕ್ಕೆ ಮರಳಲು ಅಕ್ಕನ ಒಂದು ಮಾತು ಬೇಕು. ಅಕ್ಕ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದಳು. ಅಂದು ಮಂಡಿ ಹೋದಾಗಿನ ತಂಗಿಯ ಕೂಗನ್ನು ಇನ್ನೊಮ್ಮೆ ಕೇಳುವ ಧೈರ್ಯ ಅವಳಿಗಿರಲಿಲ್ಲ.

"ಮಣ್ಣಾದ್ರೆ ಕಾಲು ಜಾರುತ್ತೆ ಕಣೇ, ಜಾರಿದ್ರೆ ಮಂಡಿ ಉಳಿಯುತ್ತೆ. ಇದು ಜಾರೋಕೇ ಬಿಡಲ್ಲ. ಪಾದ ಅಲ್ಲೇ ನಿಲ್ಲುತ್ತೆ, ಮೈ ತಿರುಗುತ್ತೆ, ನಡುವೆ ಸಿಕ್ಕಿಹಾಕ್ಕೊಳ್ಳೋದು ಮಂಡಿ" ಎಂದಳು ಅಕ್ಕ.

"ಪಾಠ ಸಾಕು. ಈ ಹುಲ್ಲಿನ ಮೇಲೆ ನೀನೇ ಒಂದ್ಸಲ ತಿರುಗಿ ತೋರಿಸು. ನಿನ್ನ ಕಾಲು ಹಿಡ್ಕೊಂಡ್ರೆ ನಾನು ಆಟಾನೇ ಬಿಡ್ತೀನಿ. ಇಲ್ಲಾಂದ್ರೆ ನೀನು ಹ್ಞೂಂ ಅನ್ಬೇಕು."

ಅಕ್ಕ ತಂಗಿಯ ಬೂಟನ್ನೇ ಹಾಕಿಕೊಂಡಳು. ನನ್ನ ಮಂಡಿ ಹೋದರೂ ಸರಿ, ಹಿಡಿದುಬಿಡಲಿ ದೇವರೇ ಎಂದು ಒಳಗೊಳಗೇ ಬೇಡಿಕೊಂಡು, ಓಡಿ ಬಂದು ಗಕ್ಕನೆ ತಿರುಗಿದಳು. ಹುಲ್ಲು ಹಿಡಿಯಲಿಲ್ಲ. ಎಳೆಗಳು ಪಕ್ಕಕ್ಕೆ ಸರಿದು ದಾರಿ ಕೊಟ್ಟವು. ಮತ್ತೊಮ್ಮೆ ತಿರುಗಿದಳು, ಕಾಲು ಇನ್ನೂ ಸರಾಗವಾಗಿ ಹೊರಳಿತು. ಆ ಅತಿವಿನಯ ಅವಳಿಗೆ ಯಾಕೋ ಹಿಡಿಸಲಿಲ್ಲ. ಆದರೂ ಮಾತು ಮಾತೇ ತಾನೆ?

"ಹೋಗು, ಆಡು. ಏನೂ ಆಗಲ್ಲ" ಎಂದು ಬೂಟು ಬಿಚ್ಚಿಕೊಟ್ಟಳು.

ತಂಗಿ ಕುಣಿದಾಡಿಬಿಟ್ಟಳು. ಬೂಟು ಕಟ್ಟಿಕೊಂಡು ಹುಲ್ಲಿನ ಮೇಲೆ ನಿಂತು, ಅಕ್ಕನನ್ನು ತಬ್ಬಿಕೊಳ್ಳಲೆಂದು ಈ ಕಡೆ ವಾಲಿದಳು. ಅಕ್ಕನ ಕಣ್ಣು ನೆಲದ ಮೇಲಿತ್ತು. ಮಲಗಿದ್ದ ಎಳೆಗಳು ಒಂದೊಂದಾಗಿ ಎದ್ದು ತಂಗಿಯ ಎಡಪಾದದ ಸುತ್ತ ಕೂಡಿಕೊಂಡವು.

"ಅಕ್ಕಾ, ಕಾಲು ಬರ್ತಿಲ್ಲ" ಎಂದು ತಂಗಿ ಇನ್ನೂ ನಗುತ್ತಲೇ ಹೇಳಿದಳು.

"ಅಲ್ಲಾಡಬೇಡ!" ಎಂದು ಅಕ್ಕ ಕಿರುಚುವಷ್ಟರಲ್ಲಿ ಟಪ್ ಎಂದಿತ್ತು. ಈ ಸಲ ಎಡಮಂಡಿ, ಗಟ್ಟಿಯಾಗಿದ್ದದ್ದು.

ಅಕ್ಕ ಹುಚ್ಚಿಯಂತೆ ಹುಲ್ಲನ್ನು ಎರಡೂ ಕೈಯಿಂದ ಕಿತ್ತಳು. ಅದು ಒಂಚೂರೂ ಎದುರಾಡದೆ ಕಿತ್ತುಕೊಂಡು ಬಂತು. ತಿರುಗಿದಾಗ ತನ್ನ ಕಾಲನ್ನು ಅದು ಬೇಕೆಂದೇ ಬಿಟ್ಟಿತ್ತು ಎಂದು ಆಗ ಅವಳಿಗೆ ಅರ್ಥವಾಯಿತು.

ತಂಗಿ ಕೂಗಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಾ, "ಏನೂ ಆಗಲ್ಲ ಅಂದ್ಯಲ್ಲಕ್ಕಾ" ಎಂದಳು.