ಎತ್ತಿಟ್ಟ ಕಾಲು

ವಾಮದೇವಪ್ಪ ಮೇಷ್ಟ್ರು ಹರಿಹರದ ಶಾಲೆಯಲ್ಲಿ ಮೂವತ್ತು ವರ್ಷ ನಿಂತೇ ಪಾಠ ಮಾಡಿದವರು. ನಿವೃತ್ತಿಯಾದ ಮೇಲೆ ಎಡಗಾಲಿನ ಹರಡಿನ ಗಂಟಿನ ಹತ್ತಿರ ಒಂದು ಹುಣ್ಣು ಎದ್ದು, ಎರಡು ವರ್ಷವಾದರೂ ಮಾಯಲಿಲ್ಲ.

ದಾವಣಗೆರೆಯ ಡಾಕ್ಟರು ರಕ್ತದ ಓಡಾಟ ಪರೀಕ್ಷಿಸಿ, ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಪಟ್ಟಿ ಸುತ್ತಿದರು. "ವಾರ ಬಿಚ್ಚಬ್ಯಾಡ್ರಿ. ಮಲಗಿದಾಗ ಕಾಲು ಎದೆಗಿಂತ ಎತ್ತರ ಇರ್ಲಿ. ಈ ಸಲಾನೂ ಮಾಯದಿದ್ರೆ ತೊಡೆ ಚರ್ಮ ತೆಗ್ದು ಹಚ್ಚಬೇಕಾಗ್ತೈತೆ." ಹೆಂಡತಿ ಕೊಟ್ರವ್ವನಿಗೆ ಅಂದಿನಿಂದ ಊಟ ರುಚಿಸಲಿಲ್ಲ.

ಸರಸ್ವತಿ ನಗರದ ತಮ್ಮ ಮನೆಯಲ್ಲಿ ಮೇಷ್ಟ್ರ ಕಾಲು ಮೂರು ದಿಂಬಿನ ಮೇಲೇರಿತು. ಆದರೆ ಬಂದವರ ಎದುರು ಕಾಲು ಚಾಚುವುದುಂಟೆ? ಗೇಟು ಕಿರ್ ಎಂದರೆ ಸಾಕು, ಮೇಷ್ಟ್ರು ಕಾಲಿಳಿಸಿ ನೆಟ್ಟಗೆ ಕೂರುತ್ತಿದ್ದರು. ಬಂದವರೂ ಬರಿಗೈಲಿ ಬರುವ ಜನವಲ್ಲ. ಹುಣ್ಣಿಗೆ ಹಚ್ಚಲು ಒಬ್ಬರು ಅರಿಶಿನ ತಂದರೆ ಇನ್ನೊಬ್ಬರು ಬೀಡಿ ಬೂದಿ ತಂದರು. ಪಟ್ಟಿ ಬಿಚ್ಚಿ ತೋರಿಸದಿದ್ದರೆ ಅವರಿಗೆ ಮುನಿಸು. ಚಹಾ ಕೊಟ್ಟು, ಹುಣ್ಣು ತೋರಿಸಿ ಕಳಿಸುವುದೇ ಆ ಮನೆಯ ಉಪಚಾರವಾಯಿತು.

ಭಾನುವಾರ ನಂದಿಗುಡಿಯಿಂದ ಮೇಷ್ಟ್ರ ಅಣ್ಣ ಗುಡ್ಡಪ್ಪ ಬಂದರು. ಮೇಷ್ಟ್ರು ಕಾಲಿಳಿಸಲು ಹೊರಟರೆ ಕೊಟ್ರವ್ವ ಮೊಣಕಾಲು ಗಟ್ಟಿಯಾಗಿ ಹಿಡಿದಳು.

"ಅಲ್ಲೇ, ಅಣ್ಣ ಬಂದಾರೆ!"

"ಬರ್ಲಿ. ನೀವು ಇಳಿಸಬ್ಯಾಡ್ರಿ."

ಗುಡ್ಡಪ್ಪ ಕೆಂಡವಾದರು. "ನನ್ನ ಮುಖಕ್ಕೇ ಪಾದ ತೋರಿಸ್ತಾನಾ? ಈ ಮನೇಲಿ ನೀರೂ ಮುಟ್ಟಲ್ಲ," ಎಂದು ಹೊರಟೇಬಿಟ್ಟರು.

ಮದುವೆಯಾದಾಗಿನಿಂದ ಕೊಟ್ರವ್ವ ಭಾವನ ಮುಖವನ್ನು ನೆಟ್ಟಗೆ ನೋಡಿದವಳಲ್ಲ. ಅವರೆದುರು ತಲೆ ತಗ್ಗಿಸಿ ನಿಲ್ಲುವುದೇ ರೂಢಿ. ಇವತ್ತೂ ತಗ್ಗಿಸಿದಳು. ಪಂಚೆಯ ಕೆಳಗೆ ಭಾವನ ಕಾಲು ಕಂಡಿತು: ಬಾತ ಹರಡು, ಸುತ್ತ ಕಂದುಗಟ್ಟಿ ಬಿರುಸಾದ ಚರ್ಮ, ಕೆರೆದುಕೊಂಡ ಗೀರುಗಳು. ಹುಣ್ಣಾಗುವ ಮೊದಲು ಗಂಡನ ಕಾಲೂ ಹೀಗೇ ಇತ್ತು. ಬಿಸಿಲಿಗೆ ಕಪ್ಪಾಗಿದೆಯೆಂದು ಆಗ ಅವಳೇ ಸುಮ್ಮನಿದ್ದಳು.

"ಭಾವಾರೆ, ಕೂಡ್ರಿ. ಈ ಕಾಲು ತುರಿಸ್ತೈತಾ? ಸಂಜೆಗೆ ಬಾತ್ಕಂತೈತಾ?"

ಗುಡ್ಡಪ್ಪನ ಕೋಪ ಅರ್ಧಕ್ಕೇ ನಿಂತಿತು. "ನಿಂಗೆ ಯಾರು ಹೇಳಿದ್ರವ್ವ?"

"ನಿಮ್ ಕಾಲೇ ಹೇಳ್ತೈತೆ. ನಾಳೆ ನೀವೂ ಡಾಕ್ಟರ ಹತ್ರ ಬರ್ರಿ," ಎಂದವಳೇ ಎದುರಿನ ದಿವಾನದ ಮೇಲೆ ಎರಡು ದಿಂಬು ಒಟ್ಟಿದಳು.

ಸ್ವಲ್ಪ ಹೊತ್ತಿಗೆ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಪಾದ ತೋರಿಸಿಕೊಂಡು ಮಲಗಿದ್ದರು. ಅಷ್ಟರಲ್ಲಿ ಗೇಟು ಕಿರ್ ಎಂದಿತು. ಇಬ್ಬರೂ ಒಟ್ಟಿಗೇ ಕಾಲಿಳಿಸಲು ಹೊರಟರು.

"ಇಳಿಸಿದ್ರೆ ನೋಡ್ರಿ ಮತ್ತೆ!" ಎಂದಳು ಕೊಟ್ರವ್ವ, ಮೊದಲ ಸಲ ಭಾವನ ಮುಖವನ್ನೇ ನೋಡುತ್ತ.